ನಕ್ಷತ್ರದ ಒಳಗೇನಿದೆ, ಹೊರಗೇನಿದೆ: ಚಿಕ್ಕಬಳ್ಳಾಪುರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟದ ಶಾಲೆ-ಕಾಲೇಜುಗಳಲ್ಲಿ ಆಕಾಶ ತೋರಿಸುವಾಗ ಮಕ್ಕಳು, ಮೇಷ್ಟ್ರುಗಳು, ತಂದೆ-ತಾಯಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಗ್ರಹ, ಧೂಮಕೇತು, ಬ್ರಹ್ಮಾಂಡದ ಹುಟ್ಟು ಇವೆಲ್ಲ ಇಲ್ಲಿಲ್ಲ. ನಕ್ಷತ್ರಗಳ ಬಗ್ಗೆ ಮಾತ್ರ. ಯಾವ ಪ್ರಶ್ನೆಯನ್ನು ಬೇಕಾದರೂ ಓದಿ, ಆದರೆ ಮೊದಲನೆಯದನ್ನು ಬಿಡಬೇಡಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಅಷ್ಟು ದೂರದ ನಕ್ಷತ್ರದಲ್ಲಿ ಏನಿದೆ ಅಂತ ಇಲ್ಲಿ ಕೂತು ಹೇಗೆ ಹೇಳ್ತಾರೆ?

ಬೆಳಕಿನಿಂದ. ಅದರಲ್ಲೂ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವುದರಿಂದ. ನಕ್ಷತ್ರದ ಚೆಂದದ ಫೋಟೊ ಎಲ್ಲರಿಗೂ ಇಷ್ಟ. ಆದರೆ ಈ ಕೆಲಸ ಮಾಡುವವರಿಗೆ ಫೋಟೊಗಿಂತ ರೋಹಿತ ದೊಡ್ಡದು. ರೋಹಿತ ಅಂದರೆ ಬೆಳಕು ಬಿಡಿಸಿಕೊಂಡಾಗ ಸಿಗುವ ಬಣ್ಣದ ಪಟ್ಟಿ.

1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ಬೆಳಕನ್ನು ಹೀಗೆ ಬಿಡಿಸಿದರು. ಬಣ್ಣದ ಪಟ್ಟಿಯ ಮಧ್ಯೆ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳು ಕಂಡವು. ಅವು ಏನು ಎಂದು ತಿಳಿಯಲು ಇನ್ನೂ 45 ವರ್ಷ ಬೇಕಾಯಿತು. 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಅದನ್ನು ಬಿಡಿಸಿದರು. ಒಂದೊಂದು ಧಾತುವೂ ತನಗೆ ಬೇಕಾದ ಬಣ್ಣಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಸೋಡಿಯಂ ಆದರೆ ಹಳದಿಯಲ್ಲಿ, 589 ನ್ಯಾನೊಮೀಟರ್ ಹತ್ತಿರ. ಸೂರ್ಯನ ಪಟ್ಟಿಯಲ್ಲಿ ಆ ಜಾಗ ಕಪ್ಪಗಿದೆ ಅಂದರೆ ಅಲ್ಲಿ ಸೋಡಿಯಂ ಇದೆ ಎಂದರ್ಥ.

ಇಲ್ಲಿಗೆ ಮುಗಿಯಲಿಲ್ಲ. ಸೂರ್ಯನಲ್ಲಿ ಕ್ಯಾಲ್ಸಿಯಂ ಗೆರೆಗಳು ತುಂಬಾ ದಪ್ಪ. ಹಾಗಾದರೆ ಅಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದೆಯಾ? ಬಹಳ ಜನ ಹಾಗೇ ಅಂದುಕೊಂಡಿದ್ದರು. 1920ರಲ್ಲಿ ಮೇಘನಾದ ಸಹಾ ಒಂದು ಸಮೀಕರಣ ಕೊಟ್ಟರು. ಅನಿಲದ ಬಿಸಿ ಮತ್ತು ಒತ್ತಡ ಗೊತ್ತಿದ್ದರೆ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಅದರಿಂದ ಲೆಕ್ಕ ಹಾಕಬಹುದು. ಗೆರೆಯ ದಪ್ಪ ಬರೀ ಧಾತುವಿನ ಪ್ರಮಾಣವನ್ನು ಹೇಳುವುದಿಲ್ಲ, ಬಿಸಿಯನ್ನೂ ಹೇಳುತ್ತದೆ. ಸೂರ್ಯನ ಬಿಸಿಯಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೈಡ್ರೋಜನ್‌ಗೆ ಅದೇ ಬಿಸಿ ಸಾಲದು. ಹೈಡ್ರೋಜನ್ ಗೆರೆಗಳು ಗಟ್ಟಿಯಾಗಿ ಕಾಣುವುದು ಸುಮಾರು 10,000 ಡಿಗ್ರಿಯ ಬಿಳಿ ನಕ್ಷತ್ರಗಳಲ್ಲಿ.

ಈ ಸಮೀಕರಣ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಹೆಚ್ಚು ಎಂದು ಕಂಡರು. ಆಗಿನ ದೊಡ್ಡ ವಿಜ್ಞಾನಿಗಳು ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಲೇಬೇಕಾಯಿತು. ಸೂರ್ಯನಲ್ಲಿ ಸುಮಾರು ನಾಲ್ಕೂವರೆ ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಒಂದೇ ಒಂದು ಕ್ಯಾಲ್ಸಿಯಂ ಇದೆ. ಅಷ್ಟು ಕಡಿಮೆ ಇರುವುದು ಅಷ್ಟು ದಪ್ಪ ಗೆರೆ ಬಿಡಿಸುತ್ತದೆ ಅಂದರೆ ಆಶ್ಚರ್ಯ ಅಲ್ವಾ? ಇಡೀ ವಿಷಯದಲ್ಲಿ ನಮಗೆ ತುಂಬಾ ಪ್ರಿಯವಾದ ಭಾಗ ಇದು. ತರಗತಿಯಲ್ಲಿ ಹೇಳುವುದಿದ್ದರೆ ಮೊದಲು ಇದನ್ನೇ ಹೇಳಿ.

ನಕ್ಷತ್ರ ಪೂರ್ತಿ ಅನಿಲ. ಮತ್ತೆ ಅದರ ವಾತಾವರಣ ಅಂದ್ರೆ ಯಾವುದು?

ಬೆಳಕು ಎಲ್ಲಿಂದ ತಪ್ಪಿಸಿಕೊಂಡು ಹೊರಗೆ ಬರುತ್ತದೋ ಅಲ್ಲಿಂದ ಮೇಲಿನದು. ಅದರ ಕೆಳಗೆ ಬೆಳಕು ಹುಟ್ಟುತ್ತದೆ, ಮತ್ತೆ ಹೀರಲ್ಪಡುತ್ತದೆ, ಹೊರಗೆ ಬರಲಾಗುವುದಿಲ್ಲ. ಸೂರ್ಯನಲ್ಲಿ ನಮಗೆ ಕಾಣುವ ಹೊಳೆಯುವ ಪದರ ಕೆಲವು ನೂರು ಕಿಲೋಮೀಟರ್ ದಪ್ಪ, ಅಷ್ಟೇ. ಸೂರ್ಯನ ಅಡ್ಡಗಲ ಸುಮಾರು 14 ಲಕ್ಷ ಕಿಲೋಮೀಟರ್. ಅದಕ್ಕೇ ಅಂಚು ಅಷ್ಟು ಚೂಪಾಗಿ ಕಾಣುತ್ತದೆ. ಇದು ಬೆಳಕಿನ ಗೋಳ, ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ವರ್ಣಗೋಳ. ಅದರ ಮೇಲೆ ಕರೋನಾ, ಅಂದರೆ ಪೂರ್ಣ ಸೂರ್ಯಗ್ರಹಣದಲ್ಲಿ ಕಾಣುವ ಬಿಳಿ ಪ್ರಭೆ.

ಒಂದು ಪ್ರಯೋಗ ಶಾಲೆಯಲ್ಲೇ ಮಾಡಬಹುದು. ಚಿಕ್ಕ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ಅದರೊಳಗೆ ಯಾರೂ ಕಣ್ಣಿಟ್ಟು ನೋಡಬಾರದು, ಮೇಷ್ಟ್ರು ಪಕ್ಕದಲ್ಲೇ ನಿಂತಿರಬೇಕು. ಬಿಂಬದ ಮಧ್ಯ ಹೆಚ್ಚು ಬೆಳ್ಳಗೆ, ಅಂಚು ಸ್ವಲ್ಪ ಮಂಕಾಗಿ ಕಾಣುತ್ತದೆ. ಮಧ್ಯದಲ್ಲಿ ನಾವು ನೇರವಾಗಿ ಆಳಕ್ಕೆ ನೋಡುತ್ತೇವೆ, ಅಲ್ಲಿ ಬಿಸಿ ಜಾಸ್ತಿ. ಅಂಚಿನಲ್ಲಿ ಓರೆಯಾಗಿ ನೋಡುತ್ತೇವೆ, ಮೇಲಿನ ತಂಪು ಪದರ ಮಾತ್ರ ಸಿಗುತ್ತದೆ. ಮೇಲಕ್ಕೆ ಹೋದಂತೆ ಬಿಸಿ ಇಳಿಯುತ್ತದೆ ಎಂಬುದಕ್ಕೆ ಪುರಾವೆ ಆ ಹಾಳೆಯ ಮೇಲೇ ಇದೆ.

ಆದರೆ ಇನ್ನೂ ಮೇಲೆ ಹೋದರೆ ಬಿಸಿ ಮತ್ತೆ ಏರುತ್ತದೆ. ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಕಾಂತಕ್ಷೇತ್ರದ ಶಕ್ತಿ ಅಲ್ಲಿಗೆ ತಲುಪುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅದು ಹೇಗೆ ಬಿಸಿಯಾಗಿ ಬದಲಾಗುತ್ತದೆ ಎಂಬುದರ ಮೇಲೆ ಇವತ್ತಿಗೂ ಕೆಲಸ ನಡೆಯುತ್ತಿದೆ.

ಬೇರೆ ನಕ್ಷತ್ರಗಳಿಗೂ ವರ್ಣಗೋಳ ಇದೆ. ವೇಣು ಬಾಪು ಮತ್ತು ಓಲಿನ್ ವಿಲ್ಸನ್ 1957ರಲ್ಲಿ ಒಂದು ಸೊಗಸಾದ ಸಂಗತಿ ಪ್ರಕಟಿಸಿದರು. ತಂಪು ನಕ್ಷತ್ರಗಳ ಕ್ಯಾಲ್ಸಿಯಂ ಗೆರೆಯ ನಡುವೆ ಒಂದು ಸಣ್ಣ ಹೊಳಪು ಇರುತ್ತದೆ. ಆ ಹೊಳಪು ಎಷ್ಟು ಅಗಲವೋ ನಕ್ಷತ್ರದ ನಿಜವಾದ ಪ್ರಕಾಶ ಅಷ್ಟು ಹೆಚ್ಚು. ಅಂದರೆ ಗೆರೆಯ ಅಗಲ ಅಳೆದು ದೂರ ಹೇಳಬಹುದು. ಅದೇ ಬಾಪು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ವೀಕ್ಷಣಾಲಯ ನಿಲ್ಲಿಸಿದರು. ಅಲ್ಲಿನ 2.34 ಮೀಟರ್ ದೂರದರ್ಶಕಕ್ಕೆ ಅವರದೇ ಹೆಸರು.

ಒಳಗೆ ಯಾರೂ ಹೋಗಿ ನೋಡಿಲ್ಲ. ಸೂರ್ಯನ ಮಧ್ಯ ಒಂದೂವರೆ ಕೋಟಿ ಡಿಗ್ರಿ ಅನ್ನೋದು ಸುಮ್ನೆ ಊಹೆ ಅಲ್ವಾ?

ಅಲ್ಲ. ಮೂರು ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರುತ್ತವೆ.

ಮೊದಲನೆಯದು ಲೆಕ್ಕ. ಸೂರ್ಯ ತನ್ನ ಭಾರಕ್ಕೆ ತಾನೇ ಕುಸಿಯಬೇಕು. ಕುಸಿಯುತ್ತಿಲ್ಲ, ಅಂದರೆ ಒಳಗಿನ ಒತ್ತಡ ತಡೆಯುತ್ತಿದೆ. ಅಷ್ಟು ಒತ್ತಡಕ್ಕೆ ಎಷ್ಟು ಬಿಸಿ ಬೇಕು ಎಂದು ಭೌತಶಾಸ್ತ್ರ ಹೇಳುತ್ತದೆ. ಸೂರ್ಯ ಹೊರಕ್ಕೆ ಕೊಡುವ ಶಕ್ತಿಯನ್ನೂ ನಾವು ಅಳೆದಿದ್ದೇವೆ. ಭೂಮಿಯ ಗಾಳಿಯ ಮೇಲೆ ಒಂದು ಚದರ ಮೀಟರಿಗೆ 1,361 ವ್ಯಾಟ್ ಬೀಳುತ್ತದೆ. ಗಾಳಿ ದಾಟಿ ಉಳಿದದ್ದನ್ನು ಹಿಡಿದೇ ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಡೆಯುತ್ತಿದೆ. ಆ 1,361ನ್ನು 15 ಕೋಟಿ ಕಿಲೋಮೀಟರ್ ತ್ರಿಜ್ಯದ ಗೋಳಕ್ಕೆ ಹರಡಿ ಗುಣಿಸಿದರೆ ಸೂರ್ಯನ ಒಟ್ಟು ಶಕ್ತಿ ಸಿಗುತ್ತದೆ. ಪಿಯುಸಿ ಹುಡುಗರು ಇದನ್ನು ಕೈಯಲ್ಲೇ ಮಾಡಬಹುದು. ಅಷ್ಟು ಶಕ್ತಿಗೆ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗಬೇಕು. ಅದರಲ್ಲಿ 0.7 ಶೇಕಡಾ, ಅಂದರೆ 40 ಲಕ್ಷ ಟನ್‌ಗೂ ಹೆಚ್ಚು ದ್ರವ್ಯ, ಶಕ್ತಿಯಾಗುತ್ತದೆ.

ಎರಡನೆಯದು ಕಂಪನ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ ಎಂದು 1960ರ ದಶಕದ ಆರಂಭದಲ್ಲಿ ತಿಳಿಯಿತು. ಒಳಗೆ ಓಡಾಡುವ ಶಬ್ದದ ಅಲೆಗಳು ಇದಕ್ಕೆ ಕಾರಣ. ಅವುಗಳ ವೇಗ ಬಿಸಿಯ ಮೇಲೆ ನಿಂತಿದೆ. ಆದ್ದರಿಂದ ಕಂಪನ ಅಳೆದರೆ ಒಳಗಿನ ಪದರಗಳು ಗೊತ್ತಾಗುತ್ತವೆ. ಮಧ್ಯದಿಂದ ತ್ರಿಜ್ಯದ 71 ಶೇಕಡಾವರೆಗೆ ಶಕ್ತಿ ಬೆಳಕಾಗಿ ನಿಧಾನಕ್ಕೆ ಸೋಸಿಕೊಂಡು ಬರುತ್ತದೆ. ಅದಕ್ಕೆ ಸಾವಿರಾರು ವರ್ಷಗಳಿಂದ ಲಕ್ಷಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ ಎಂಬ ಅಂದಾಜುಗಳಿವೆ. ಅಲ್ಲಿಂದ ಮೇಲೆ ಅನಿಲವೇ ಬಿಸಿಯನ್ನು ಹೊತ್ತು ಏರುತ್ತದೆ, ಒಲೆಯ ಮೇಲೆ ಅನ್ನದ ಎಸರು ಕುದಿದ ಹಾಗೆ. ಮೇಲ್ಮೈಯಲ್ಲಿ ಕಾಣುವ ಒಂದೊಂದು ಗುಳ್ಳೆ ಸುಮಾರು ಸಾವಿರ ಕಿಲೋಮೀಟರ್ ಅಗಲ.

ಮೂರನೆಯದು ನ್ಯೂಟ್ರಿನೊ. ಸೂರ್ಯನ ಮಧ್ಯದಲ್ಲಿ ಹುಟ್ಟುವ ಈ ಕಣಗಳು ಯಾವುದಕ್ಕೂ ಸಿಕ್ಕಿಕೊಳ್ಳದೆ ಎಂಟೂಕಾಲು ನಿಮಿಷದಲ್ಲಿ ಇಲ್ಲಿಗೆ ಬರುತ್ತವೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ 6,000 ಕೋಟಿ ಹಾದುಹೋಗುತ್ತವೆ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ರೇ ಡೇವಿಸ್ ಅವುಗಳನ್ನು ಎಣಿಸಿದಾಗ ಲೆಕ್ಕದ ಮೂರನೇ ಒಂದು ಭಾಗ ಮಾತ್ರ ಸಿಕ್ಕಿತು. ದಶಕಗಳ ಕಾಲ ಇದೊಂದು ದೊಡ್ಡ ಒಗಟು. ಕೊನೆಗೆ 2001-02ರಲ್ಲಿ ಕೆನಡಾದ ಸಡ್ಬರಿ ಪ್ರಯೋಗದಿಂದ ಉತ್ತರ ಬಂತು. ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ, ಡೇವಿಸ್ ಅವರ ಉಪಕರಣಕ್ಕೆ ಒಂದೇ ಬಗೆ ಸಿಗುತ್ತಿತ್ತು. ಸೂರ್ಯನ ಲೆಕ್ಕ ಸರಿಯಾಗಿಯೇ ಇತ್ತು.

ಕೆಜಿಎಫ್ ಗಣಿಯಲ್ಲೂ ಸೂರ್ಯನ ನ್ಯೂಟ್ರಿನೊ ಹಿಡಿದಿದ್ರಾ?

ಸೂರ್ಯನದ್ದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ಸಿಕ್ಕಿದ್ದು ಭೂಮಿಯ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ. ಅದನ್ನು ಮೊದಲು ಕಂಡ ಎರಡು ಪ್ರಯೋಗಗಳಲ್ಲಿ ಒಂದು ಇದು, ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿಯಲ್ಲಿ ನಡೆದದ್ದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್‌ನವರು ಸೇರಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟಿದ್ದರು. ಅಷ್ಟು ಬಂಡೆ ಮೇಲಿದ್ದರೆ ಬೇರೆ ಕಣಗಳ ಕಾಟ ಬಹಳ ಕಡಿಮೆ. ಗಣಿ 2001ರಲ್ಲಿ ಮುಚ್ಚಿತು. ಕೋಲಾರದ ಪ್ರತಿ ಶಾಲೆಯಲ್ಲೂ ಈ ಕಥೆಯನ್ನು ಹೇಳಬೇಕು ಎಂಬುದು ನಮ್ಮ ಆಸೆ.

ಗೌರಿಬಿದನೂರಿನ ಹತ್ತಿರ ಬಯಲಲ್ಲಿ ಸಾಲಾಗಿ ನಿಂತಿರೋ ಕಂಬ-ತಂತಿ ಏನು? ಅದೂ ಟೆಲಿಸ್ಕೋಪಾ?

ಹೌದು. ಕನ್ನಡಿಯೂ ಇಲ್ಲ, ಗುಮ್ಮಟವೂ ಇಲ್ಲ, ಅದಕ್ಕೇ ಜನ ನಂಬುವುದಿಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲಿ ರೇಡಿಯೊ ದೂರದರ್ಶಕ ಕಟ್ಟಿದವು. ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ 1,000 ಡೈಪೋಲ್‌ಗಳು, ಅಂದರೆ ಆ ಕಂಬ-ತಂತಿಯ ಆಂಟೆನಾಗಳು, 34.5 ಮೆಗಾಹರ್ಟ್ಜ್‌ನಲ್ಲಿ ಕೇಳುತ್ತಿದ್ದವು. ಪೂರ್ವ-ಪಶ್ಚಿಮದ ಸಾಲು 1.4 ಕಿಲೋಮೀಟರ್ ಉದ್ದ.

ನಕ್ಷತ್ರದ ವಾತಾವರಣ ಓದುವವರಿಗೆ ಅಲ್ಲಿನ ಇನ್ನೊಂದು ಉಪಕರಣ ಮುಖ್ಯ. 1997ರಿಂದ ಕೆಲಸ ಮಾಡುತ್ತಿರುವ ರೇಡಿಯೊಹೀಲಿಯೊಗ್ರಾಫ್ ಸೂರ್ಯನ ಕರೋನಾದ ಚಿತ್ರ ತೆಗೆಯುತ್ತದೆ. ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಕರೋನಾದಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ತುಂಬಿವೆ. ಅವು ದಟ್ಟವಾಗಿದ್ದ ಕಡೆಯಿಂದ ಕಡಿಮೆ ಆವರ್ತನದ ರೇಡಿಯೊ ಅಲೆ ಹೊರಬರಲಾರದು. ಮೇಲೆ ಹೋದಂತೆ ಎಲೆಕ್ಟ್ರಾನ್ ವಿರಳವಾಗುತ್ತದೆ, ಕಡಿಮೆ ಆವರ್ತನಕ್ಕೂ ದಾರಿ ಸಿಗುತ್ತದೆ. ಹೀಗಾಗಿ 150 ಮೆಗಾಹರ್ಟ್ಜ್‌ನಲ್ಲಿ ಕೇಳಿದರೆ ಕರೋನಾದ ಕೆಳಭಾಗ, 40ರಲ್ಲಿ ಕೇಳಿದರೆ ಮೇಲ್ಭಾಗ. ಆವರ್ತನ ಬದಲಿಸಿದರೆ ಎತ್ತರ ಬದಲಾಗುತ್ತದೆ.

ಸೂರ್ಯನಲ್ಲಿ ಸ್ಫೋಟವಾಗಿ ಆಘಾತದ ಅಲೆಯೊಂದು ಹೊರಕ್ಕೆ ಹೊರಟರೆ ಅದರ ರೇಡಿಯೊ ಸದ್ದು ಮೇಲಿನ ಆವರ್ತನದಿಂದ ಕೆಳಕ್ಕೆ ಜಾರುತ್ತದೆ. ಎಷ್ಟು ಬೇಗ ಜಾರಿತು ಎಂದು ಅಳೆದರೆ ವೇಗ ಸಿಕ್ಕಿತು. ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸಿನ ವೇಗಗಳು ಇದರಲ್ಲಿ ಮಾಮೂಲಿ. ಮೋಡವಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ತೊಂದರೆ ಕೊಡುವುದು ಮನುಷ್ಯರ ರೇಡಿಯೊ ಗದ್ದಲ. ನಮ್ಮ ಎಫ್‌ಎಂ ಕೇಂದ್ರಗಳ 88ರಿಂದ 108 ಮೆಗಾಹರ್ಟ್ಜ್ ಇದೇ ಪಟ್ಟಿಯ ನಡುವೆ ಇದೆ. ಅದಕ್ಕೇ ದೊಡ್ಡ ಊರಿನಿಂದ ದೂರದ ಬಯಲು ಬೇಕು.

ಕರೋನಾವನ್ನು ಬೆಳಕಿನಲ್ಲಿ ನೋಡಲು ಈಗ ಇಸ್ರೋದ ಆದಿತ್ಯ-ಎಲ್1 ನೌಕೆ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿತು, 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಅದರ ಕರೋನಾ ನೋಡುವ ಉಪಕರಣವನ್ನು ಜೋಡಿಸಿದ್ದು ಕೋಲಾರದಿಂದ ಬೆಂಗಳೂರಿಗೆ ಹೋಗುವ ದಾರಿಯ ಹೊಸಕೋಟೆಯಲ್ಲಿ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನೂ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಆರಿದ್ರಾ ನಕ್ಷತ್ರ ಸಿಡಿಯುತ್ತಂತೆ, ನಿಜಾನಾ? ಆಮೇಲೆ ಆರಿದ್ರಾ ಮಳೆ ಏನಾಗುತ್ತೆ?

ಮಳೆಗೆ ಏನೂ ಆಗುವುದಿಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಆಕಾಶದ ಆ ಭಾಗದಲ್ಲಿ ಇರುತ್ತಾನೆ, ಅದಕ್ಕೆ ಆ ದಿನಗಳ ಮಳೆಗೆ ಆ ಹೆಸರು. ಅದೇ ಕಾರಣಕ್ಕೆ ಆ ಮಳೆಯ ಹೊತ್ತಿನಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ನೋಡಬೇಕಾದರೆ ಜನವರಿ, ಫೆಬ್ರವರಿ ಸಂಜೆ ನೋಡಿ. ಮಹಾವ್ಯಾಧನ ಹೆಗಲಲ್ಲಿ ಕೆಂಪಗೆ ಹೊಳೆಯುತ್ತದೆ.

ಸಿಡಿಯುವುದು ನಿಜ. ಅದು ಕೆಂಪು ಮಹಾದೈತ್ಯ. ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳದ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು. ಮುಂದಿನ ಒಂದು ಲಕ್ಷ ವರ್ಷದೊಳಗೆ ಸ್ಫೋಟ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ತುಂಬಾ ಮಂಕಾದಾಗ ಎಲ್ಲರೂ ಈಗಲೇ ಎಂದುಕೊಂಡರು. ಆದದ್ದು ಬೇರೆ. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ನಮ್ಮ ಕಣ್ಣಿಗೆ ಅಡ್ಡ ಬಂತು. ಮಂಕಾದದ್ದು ವಾತಾವರಣದ ಕಥೆ, ಒಡಲಿನದ್ದಲ್ಲ.

ನಕ್ಷತ್ರದ ಆಯಸ್ಸನ್ನು ತೀರ್ಮಾನಿಸುವುದು ಹೆಚ್ಚಾಗಿ ಹುಟ್ಟಿನ ತೂಕ. ತೂಕ ಜಾಸ್ತಿ ಇದ್ದರೆ ಇಂಧನವೂ ಜಾಸ್ತಿ. ಆದರೆ ಅದನ್ನು ಸುಡುವ ವೇಗ ಅದಕ್ಕಿಂತ ಎಷ್ಟೋ ಜಾಸ್ತಿ. ಸೂರ್ಯನ ಹತ್ತು ಪಟ್ಟು ತೂಕದ್ದು ಕೆಲವೇ ಕೋಟಿ ವರ್ಷ ಬದುಕುತ್ತದೆ, ಸೂರ್ಯ ಸುಮಾರು 1,000 ಕೋಟಿ ವರ್ಷ. ಸುಮಾರು ಎಂಟು ಪಟ್ಟಿಗಿಂತ ಭಾರವಾದವು ಸಿಡಿದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗುತ್ತವೆ. ಹಗುರವಾದವು ಶ್ವೇತಕುಬ್ಜವಾಗಿ, ಅಂದರೆ ಕುಗ್ಗಿದ ಬಿಸಿ ತಿರುಳಾಗಿ, ಉಳಿಯುತ್ತವೆ. ಶ್ವೇತಕುಬ್ಜಕ್ಕೂ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು. ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ 1930ರಲ್ಲಿ ಈ ಲೆಕ್ಕಕ್ಕೆ ಕೈಹಾಕಿದ ಚಂದ್ರಶೇಖರ್ ಅವರಿಗೆ ಆಗ 19 ವರ್ಷ. ನೊಬೆಲ್ ಬಂದದ್ದು 1983ರಲ್ಲಿ.

ಸೂರ್ಯ ಯಾವಾಗ ಆರಿಹೋಗ್ತಾನೆ?

ಈಗ ವಯಸ್ಸು 460 ಕೋಟಿ ವರ್ಷ. ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಮಧ್ಯದ ಹೈಡ್ರೋಜನ್ ಮುಗಿದು ಕೆಂಪು ದೈತ್ಯನಾಗುತ್ತಾನೆ.

ಜಾತಕಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ನಕ್ಷತ್ರದ ಹೆಸರುಗಳು ಮಾತ್ರ ಒಂದೇ.

ಮಗುವಿಗೆ ಯಾವ ಟೆಲಿಸ್ಕೋಪ್ ಕೊಡಿಸಲಿ?

ಮೊದಲೇ ಬೇಡ. ಹಳೆಯ ಸಿಡಿ ಒಂದು ಸಾಕು. ರಟ್ಟಿನ ಡಬ್ಬಿಯಲ್ಲಿ ಸಣ್ಣ ಸೀಳು ಮಾಡಿ, ಒಳಗೆ ಸಿಡಿಯನ್ನು ಓರೆಯಾಗಿ ಇಡಿ. ಮನೆಯ ಎಲ್‌ಇಡಿ ಬಲ್ಬ್, ಹಳೆಯ ಸೋಡಿಯಂ ಬೀದಿದೀಪ, ಟ್ಯೂಬ್‌ಲೈಟ್ ಒಂದೊಂದನ್ನೇ ನೋಡಿ. ಬಲ್ಬಿನ ಪಟ್ಟಿ ಎಡೆಬಿಡದೆ ಬರುತ್ತದೆ, ಟ್ಯೂಬ್‌ಲೈಟಿನದ್ದು ಗೆರೆಗೆರೆಯಾಗಿ ಬರುತ್ತದೆ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ. ಈ ವ್ಯತ್ಯಾಸ ಕಂಡು ಮಗು ಯಾಕೆ ಎಂದು ಕೇಳಿದರೆ ಆಮೇಲೆ ದುಡ್ಡು ಖರ್ಚು ಮಾಡಿ, ಅದೂ ಮೊದಲು ಒಂದು ಒಳ್ಳೆಯ ಬೈನಾಕ್ಯುಲರ್‌ಗೆ.

ನಮ್ಮ ಕಡೆ ಕತ್ತಲೆಯ ಆಕಾಶ ಎಲ್ಲಿ ಸಿಗುತ್ತೆ?

ನಂದಿಬೆಟ್ಟ ಎಂದರೆ ಎಲ್ಲರಿಗೂ ಆಸೆ. ಆದರೆ ಅದರ ದಕ್ಷಿಣಕ್ಕೆ ದೇವನಹಳ್ಳಿ, ಬೆಂಗಳೂರಿನ ಬೆಳಕು ಹರಡಿಕೊಂಡಿದೆ. ಉತ್ತರಕ್ಕೆ ಹೋದಷ್ಟೂ ಒಳ್ಳೆಯದು: ಬಾಗೇಪಲ್ಲಿಯ ಆಚೆ, ಇಲ್ಲವೇ ಪಾವಗಡದ ಕಡೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಚೆನ್ನಾಗಿರುತ್ತದೆ. ಊರಿನ ದೀಪಗಳಿಗೆ ಮೇಲ್ಗಡೆ ಮುಚ್ಚಳ ಹಾಕಿ ಬೆಳಕು ನೆಲಕ್ಕೆ ಬೀಳುವಂತೆ ಮಾಡಿ ಎಂದು ಪಂಚಾಯ್ತಿಗೆ ಕೇಳಿ. ಕರೆಂಟೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಆಗುತ್ತಾ? ಕೆಲಸ ಸಿಗುತ್ತಾ?

ಆಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಲೇಬೇಕು, ಅದು ಎರಡು ಮೂರು ವರ್ಷದಲ್ಲಿ ಬರುತ್ತದೆ. ನಿಜವಾಗಿ ಕೈಕೊಡುವುದು ಗಣಿತ. ಗಣಿತ ಕಷ್ಟ ಅಂತ ಪಿಯುಸಿಯಲ್ಲೇ ಬಿಟ್ಟರೆ ಈ ದಾರಿಗೆ ಮರಳಿ ಬರುವುದು ಬಹಳ ಕಷ್ಟ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ. ಆಮೇಲೆ ಬಿಎಸ್‌ಸಿ, ಎಂಎಸ್‌ಸಿ, ಜೊತೆಗೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವುದು. ಎಂಎಸ್‌ಸಿಗೆ ಜ್ಯಾಮ್ ಪರೀಕ್ಷೆ, ಪಿಎಚ್‌ಡಿಗೆ ಜೆಸ್ಟ್ ಅಥವಾ ನೆಟ್. ಪಿಎಚ್‌ಡಿಗೆ ಮನೆಯಿಂದ ದುಡ್ಡು ಕಟ್ಟಬೇಕು ಎಂದು ಬಹಳ ತಂದೆ-ತಾಯಿ ತಿಳಿದಿದ್ದಾರೆ. ಹಾಗಲ್ಲ, ಕೇಂದ್ರ ಸರ್ಕಾರದ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಕಾಯಂ ಸಂಶೋಧಕರ ಹುದ್ದೆಗಳು ಕಡಿಮೆ, ಇದನ್ನು ಮುಚ್ಚಿಡಬಾರದು. ಆದರೆ ಅಳೆಯುವುದು, ಲೆಕ್ಕ ಹಾಕುವುದು, ದೊಡ್ಡ ದತ್ತಾಂಶ ಬಿಡಿಸುವುದು ಗೊತ್ತಿದ್ದವರಿಗೆ ಬೇರೆ ಕಡೆ ಕೆಲಸವಿದೆ. ಒಳ್ಳೆಯ ಭೌತಶಾಸ್ತ್ರದ ಮೇಷ್ಟ್ರುಗಳಂತೂ ನಮ್ಮ ಜಿಲ್ಲೆಗೆ ಬೇಕೇ ಬೇಕು.

ಲ್ಯಾಪ್‌ಟಾಪ್ ಇದೆ, ನೆಟ್ ಇದೆ. ಈಗಲೇ ನಿಜವಾದ ಕೆಲಸ ಏನಾದ್ರೂ ಮಾಡಬಹುದಾ?

ಮಾಡಬಹುದು. ಯುರೋಪಿನ ಗಾಯಾ ಉಪಗ್ರಹ ಸುಮಾರು 180 ಕೋಟಿ ನಕ್ಷತ್ರಗಳನ್ನು ಅಳೆದ ಪಟ್ಟಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದರಿಂದ ಕೃತ್ತಿಕೆಯ ಸುತ್ತ ಎರಡು ಡಿಗ್ರಿಯೊಳಗಿನ ನಕ್ಷತ್ರಗಳನ್ನು ಇಳಿಸಿಕೊಳ್ಳಿ. ಅದರಲ್ಲಿ ಲಂಬನ 7.4 ಮಿಲಿ ಆರ್ಕ್‌ಸೆಕೆಂಡ್ ಆಸುಪಾಸು ಇರುವವನ್ನು ಮಾತ್ರ ಉಳಿಸಿ. ಲಂಬನ ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದ ಹಾಗೆ ಕಾಣುವ ಕೋನ, ಅದರಿಂದ ದೂರ ತಿಳಿಯುತ್ತದೆ. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸರಿಯುತ್ತಿರುವವನ್ನು ಆರಿಸಿ. ಈಗ ಉಳಿದದ್ದು ಹೆಚ್ಚೂಕಡಿಮೆ ಗುಂಪಿಗೆ ಸೇರಿದ ನಕ್ಷತ್ರಗಳೇ.

ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಪ್ರಕಾಶ ಇಟ್ಟು ಎಕ್ಸೆಲ್‌ನಲ್ಲೇ ಚುಕ್ಕಿ ಹಾಕಿ. ಪ್ರಕಾಶದ ಅಂಕಿ ಕಡಿಮೆಯಾದಷ್ಟೂ ನಕ್ಷತ್ರ ಹೆಚ್ಚು ಹೊಳೆಯುತ್ತದೆ, ಆದ್ದರಿಂದ ಆ ಅಕ್ಷವನ್ನು ತಲೆಕೆಳಗು ಮಾಡಿ. ಮೇಲೆ ಎಡದ ನೀಲಿಯಿಂದ ಕೆಳಗೆ ಬಲದ ಕೆಂಪಿನವರೆಗೆ ಒಂದು ಓರೆ ಪಟ್ಟಿ ಮೂಡುತ್ತದೆ. ನಂತರ ಎಂ67 ಎಂಬ ಗುಂಪಿಗೆ ಇದನ್ನೇ ಮಾಡಿ, ಅದರ ಲಂಬನ ಸುಮಾರು 1.15. ಇಲ್ಲಿ ಪಟ್ಟಿಯ ಮೇಲಿನ ನೀಲಿ ತುದಿ ಇಲ್ಲ. ಪಟ್ಟಿ ಮಧ್ಯದಲ್ಲೇ ಬಲಕ್ಕೆ ಬಾಗಿ ಕೆಂಪು ದೈತ್ಯಗಳ ಕಡೆ ಏರುತ್ತದೆ. ಭಾರದ ನಕ್ಷತ್ರಗಳು ಮುಗಿದುಹೋಗಿವೆ. ಆ ತಿರುವು ಎಲ್ಲಿದೆ ಎಂದು ನೋಡಿಯೇ ಗುಂಪಿನ ವಯಸ್ಸು ಲೆಕ್ಕ ಹಾಕುತ್ತಾರೆ. ಕೃತ್ತಿಕೆಗೆ 10 ಕೋಟಿ ವರ್ಷದ ಆಸುಪಾಸು, ಎಂ67ಕ್ಕೆ ಸುಮಾರು 400 ಕೋಟಿ ವರ್ಷ.